ಅರ್ಧ ರಿಯಾಯಿತಿಯೂ ಕೈಗೆಟುಕದಿದ್ದರೆ: ಬಾಕಿ ಚಲನ್, ಡಿಎಲ್ ಅಮಾನತು ಮತ್ತು ಬಡ ಚಾಲಕ

ಪ್ರಶ್ನೆ: ನಮ್ಮ ತಂದೆ ಬೆಂಗಳೂರಿನಲ್ಲಿ ಸ್ವಂತ ಆಟೋ ಓಡಿಸುತ್ತಾರೆ, ಅದರ ಸಾಲ ಇನ್ನೂ ತೀರಿಲ್ಲ. ಅವರ ಗಾಡಿಯ ಮೇಲೆ 23 ಚಲನ್, ಒಟ್ಟು 11,500 ರೂಪಾಯಿ ಬಾಕಿ ಇದೆ. ಶೇ 50 ರಿಯಾಯಿತಿ ಬಂದಾಗಲೂ ಒಟ್ಟಿಗೆ ಕಟ್ಟಲು ಹಣ ಇರಲಿಲ್ಲ. ಈಗ ಡಿಎಲ್ ಅಮಾನತಾಗುತ್ತದೆ, ಎಫ್‌ಸಿ (ಗಾಡಿಯ ಫಿಟ್‌ನೆಸ್ ಪ್ರಮಾಣಪತ್ರ) ಆಗುವುದಿಲ್ಲ ಎಂದು ಜೊತೆಯವರು ಹೆದರಿಸುತ್ತಿದ್ದಾರೆ. ಅಮೆರಿಕದಲ್ಲಿ ದಂಡ ಕಟ್ಟದಿದ್ದರೆ ಡಿಎಲ್ ಕಿತ್ತುಕೊಳ್ಳುವ ಪದ್ಧತಿಯನ್ನು ತೆಗೆದಿದ್ದಾರೆ ಎಂದು ಓದಿದೆ. ಅದು ಹೇಗೆ ಸಾಧ್ಯವಾಯಿತು? ನಮ್ಮಲ್ಲಿ ಆಗುತ್ತದೆಯೇ? ಸದ್ಯಕ್ಕೆ ಅಪ್ಪ ಏನು ಮಾಡಬೇಕು?

ಉತ್ತರ: ನೀವು ಓದಿದ್ದು ಅರ್ಧ ನಿಜ. ಅಮೆರಿಕದಲ್ಲಿ ಇದಕ್ಕೆ ದೇಶಕ್ಕೆಲ್ಲ ಒಂದೇ ಕಾನೂನು ಇಲ್ಲ. ಬಾಕಿ ದಂಡಕ್ಕಾಗಿ ಡಿಎಲ್ ಅಮಾನತು ಮಾಡುವುದನ್ನು ಕ್ಯಾಲಿಫೋರ್ನಿಯಾ 2017ರಲ್ಲಿ ನಿಲ್ಲಿಸಿತು, ವರ್ಜೀನಿಯಾ 2020ರಲ್ಲಿ ಶಾಶ್ವತವಾಗಿ ಕೈಬಿಟ್ಟಿತು. ಟೆಕ್ಸಾಸ್ ದಂಡದ ಮೇಲೆ ವರ್ಷ ವರ್ಷ ಹೇರುತ್ತಿದ್ದ ಹೆಚ್ಚುವರಿ ಶುಲ್ಕದ ಯೋಜನೆಯನ್ನು 2019ರ ಸೆಪ್ಟೆಂಬರ್‌ನಲ್ಲಿ ರದ್ದು ಮಾಡಿತು. ಉಳಿದ ಹಲವು ಕಡೆ ಹಳೆಯ ಪದ್ಧತಿ ಒಂದಲ್ಲ ಒಂದು ರೂಪದಲ್ಲಿ ಇದೆ. ಕುಡಿದು ಓಡಿಸಿದವರ, ಅಪಾಯಕಾರಿಯಾಗಿ ಓಡಿಸಿದವರ ಡಿಎಲ್ ಅಮಾನತು ಮಾಡುವುದನ್ನು ಯಾರೂ ಕೈಬಿಟ್ಟಿಲ್ಲ. ಅವರು ಬೇರ್ಪಡಿಸಿದ್ದು ರಸ್ತೆಯಲ್ಲಿ ಮಾಡಿದ ಅಪಾಯಕ್ಕೆ ಅಮಾನತು ಮತ್ತು ಕಟ್ಟಲಾಗದ ಸಾಲಕ್ಕೆ ಅಮಾನತು, ಈ ಎರಡನ್ನು ಮಾತ್ರ.

ಬೇರ್ಪಡಿಸಬೇಕಾಗಿ ಬಂದದ್ದು ಏಕೆ ಎಂಬುದು ಅಲ್ಲಿನ ರಸೀದಿ ನೋಡಿದರೆ ತಿಳಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಸಿಗ್ನಲ್ ಜಂಪ್‌ಗೆ ಮೂಲ ದಂಡ 100 ಡಾಲರ್. ಅದರ ಪ್ರತಿ 10 ಡಾಲರ್‌ಗೆ ರಾಜ್ಯದ ಪಾಲು 10, ಕೌಂಟಿಯ (ನಮ್ಮ ಜಿಲ್ಲೆಯಂಥ ಘಟಕ) ಪಾಲು 7, ನ್ಯಾಯಾಲಯದ ಕಟ್ಟಡಕ್ಕೆ 5, ಅಪರಾಧ ತನಿಖೆಯ ಡಿಎನ್‌ಎ ನಿಧಿಗೆ 5, ತುರ್ತು ವೈದ್ಯಕೀಯ ಸೇವೆಗೆ 2. ಅಲ್ಲಿಗೆ ಇನ್ನೊಂದು 290 ಸೇರಿತು. ಮೂಲ ದಂಡದ ಮೇಲೆ ಶೇ 20ರ ಸರ್‌ಚಾರ್ಜ್ 20. ನ್ಯಾಯಾಲಯದ ಸ್ಥಿರ ಶುಲ್ಕಗಳು ಸುಮಾರು 80. ನೂರು ಇದ್ದದ್ದು 490 ಆಯಿತು. ಗಡುವು ತಪ್ಪಿದರೆ 2022ರ ಜುಲೈವರೆಗೆ ಇನ್ನೂ 300 ಡಾಲರ್‌ವರೆಗೆ ಸೇರುತ್ತಿತ್ತು. ಅದಾದ ಮೇಲೂ ಕಟ್ಟದಿದ್ದರೆ, 2017ರವರೆಗೆ, ಡಿಎಲ್ ಅಮಾನತಾಗುತ್ತಿತ್ತು. ಸಾರ್ವಜನಿಕ ಬಸ್ಸು ಅಪರೂಪವಾದ ಊರುಗಳಲ್ಲಿ ಡಿಎಲ್ ಹೋಯಿತೆಂದರೆ ಕೆಲಸವೂ ಹೋಯಿತು, ಕೆಲಸ ಹೋದವನು ದಂಡವನ್ನಂತೂ ಕಟ್ಟಲಾರ. ವಕೀಲರ ಸಂಘಟನೆಗಳು 2015ರಲ್ಲಿ ಹೊರತಂದ ವರದಿಯ ಪ್ರಕಾರ ದಂಡ ಕಟ್ಟದ ಅಥವಾ ಹಾಜರಾಗದ ಕಾರಣಕ್ಕೆ ಆ ಒಂದೇ ರಾಜ್ಯದಲ್ಲಿ 40 ಲಕ್ಷಕ್ಕೂ ಹೆಚ್ಚು ಡಿಎಲ್‌ಗಳು ಅಮಾನತಾಗಿದ್ದವು.

ಅದೇ ವರ್ಷ ಮಾರ್ಚ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಮಿಸೌರಿ ರಾಜ್ಯದ ಫರ್ಗುಸನ್ ಎಂಬ ಸಣ್ಣ ಊರಿನ ಬಗ್ಗೆ ವರದಿ ಕೊಟ್ಟಿತು. 2015ರ ಆಯವ್ಯಯದಲ್ಲಿ ಆ ಊರು ನಿರೀಕ್ಷಿಸಿದ್ದ ಸುಮಾರು 1.33 ಕೋಟಿ ಡಾಲರ್ ಆದಾಯದಲ್ಲಿ ಸುಮಾರು 31 ಲಕ್ಷ ದಂಡ ಮತ್ತು ಶುಲ್ಕದಿಂದಲೇ ಬರಬೇಕಿತ್ತು. ವರದಿಯಲ್ಲಿರುವ ಒಬ್ಬ ಮಹಿಳೆಯ ಲೆಕ್ಕ ನೋಡಿ: 2007ರಲ್ಲಿ ತಪ್ಪು ಪಾರ್ಕಿಂಗ್‌ಗೆ ಬಿದ್ದದ್ದು 151 ಡಾಲರ್ ಮತ್ತು ಶುಲ್ಕ. ಏಳು ವರ್ಷದಲ್ಲಿ ಆಕೆ ಕಟ್ಟಿದ್ದು 550 ಡಾಲರ್, ಜೈಲಿನಲ್ಲಿ ಕಳೆದದ್ದು ಆರು ದಿನ, 2014ರ ಡಿಸೆಂಬರ್‌ನಲ್ಲಿ ಇನ್ನೂ ಬಾಕಿ ಇದ್ದದ್ದು 541 ಡಾಲರ್. ನಡುವೆ ಎರಡು ಬಾರಿ 25 ಮತ್ತು 50 ಡಾಲರ್ ತೆಗೆದುಕೊಂಡು ಹೋದಾಗ, ಪೂರ್ತಿ ಮೊತ್ತವಲ್ಲ ಎಂದು ನ್ಯಾಯಾಲಯ ಅದನ್ನು ವಾಪಸ್ ಕೊಟ್ಟಿತ್ತು. ಬೇಕೆಂದೇ ಕಟ್ಟದವನೋ, ಇಲ್ಲದೆ ಕಟ್ಟಲಾಗದವನೋ ಎಂದು ವಿಚಾರಿಸದೆ ಜೈಲಿಗೆ ಕಳಿಸಬಾರದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1983ರಲ್ಲೇ, ಬೇರ್ಡನ್ ಪ್ರಕರಣದಲ್ಲಿ, ಹೇಳಿತ್ತು. ತೀರ್ಪು ಇತ್ತು, ವಿಚಾರಿಸುವ ಫಾರಂ ಆಗಲಿ ಸಮಯವಾಗಲಿ ಕೆಳಗಿನ ಕೋರ್ಟುಗಳಲ್ಲಿ ಇರಲಿಲ್ಲ. ಸುಧಾರಣೆ ಎನ್ನುವುದು ಬಹುಪಾಲು ಈ ಫಾರಂ ತಯಾರಿಸುವ ಕೆಲಸವೇ.

ಕ್ಯಾಲಿಫೋರ್ನಿಯಾವೂ ನಮ್ಮಂತೆ ರಿಯಾಯಿತಿಯಿಂದಲೇ ಶುರು ಮಾಡಿತು. 2015ರ ಅಕ್ಟೋಬರ್‌ನಿಂದ 2017ರ ಮಾರ್ಚ್‌ವರೆಗೆ ಹಳೆಯ ಬಾಕಿಗೆ ವಿನಾಯಿತಿ ಯೋಜನೆ ನಡೆಯಿತು. ಒಂದು ವ್ಯತ್ಯಾಸವಿತ್ತು: ಸಾಮಾನ್ಯರಿಗೆ ಶೇ 50, ಕಡಿಮೆ ಆದಾಯದವರಿಗೆ ಮತ್ತು ಸರ್ಕಾರಿ ನೆರವು ಪಡೆಯುವವರಿಗೆ ಶೇ 80. ಜೊತೆಗೆ ಅಮಾನತಾದ ಡಿಎಲ್ ಮರಳಿ ಪಡೆಯುವ ದಾರಿಯನ್ನೂ ತೆರೆದರು. ಇಷ್ಟಾದರೂ ಅದು ಹಳೆಯ ಕೊಳೆ ತೊಳೆಯಿತೇ ವಿನಾ ಹೊಸ ಬಾಕಿ ಹುಟ್ಟುವುದನ್ನು ತಡೆಯಲಿಲ್ಲ. ಹಾಗಾಗಿ 2017ರ ಜೂನ್‌ನಲ್ಲಿ ಕಾನೂನನ್ನೇ ತಿದ್ದಿ, ದಂಡ ಕಟ್ಟದ ಕಾರಣಕ್ಕೆ ಅಮಾನತು ಮಾಡುವ ಅಧಿಕಾರವನ್ನು ತೆಗೆದರು. ಮುಂದೆ 2021ರ ಕಾನೂನಿನಂತೆ, 2024ರ ಮಧ್ಯದ ವೇಳೆಗೆ ಎಲ್ಲ 58 ಕೌಂಟಿಗಳ ನ್ಯಾಯಾಲಯಗಳಲ್ಲಿ ಆನ್‌ಲೈನ್ ವ್ಯವಸ್ಥೆ ಬರಬೇಕೆಂದಾಯಿತು. ಚಲನ್ ನಂಬರ್ ಹಾಕಿ, ಮನೆಯಲ್ಲಿ ಎಷ್ಟು ಜನ, ಆದಾಯ ಎಷ್ಟು, ಯಾವ ಸರ್ಕಾರಿ ನೆರವು ಸಿಗುತ್ತಿದೆ ಎಂದು ತುಂಬಿದರೆ ಸಾಕು. ಆದಾಯ ಅಲ್ಲಿನ ಬಡತನ ರೇಖೆಯ ಎರಡೂವರೆ ಪಟ್ಟಿಗಿಂತ ಕೆಳಗಿದ್ದರೆ ಕನಿಷ್ಠ ಅರ್ಧ ದಂಡ ಕಡಿತ, ಉಳಿದದ್ದಕ್ಕೆ ತಿಂಗಳಿಗೆ 25 ಡಾಲರ್ ಮೀರದ ಕಂತು. ಕಾಗದದಲ್ಲಿ ಕೇಳುವವರಿಗೂ ಒಂದು ಸರಳ ಫಾರಂ ಇದೆ.

ಇನ್ನು ಎಡವಿದ್ದು ಎಲ್ಲೆಲ್ಲಿ? ನಮಗೆ ಹೆಚ್ಚು ಉಪಯೋಗವಾಗುವ ಭಾಗ ಇದೇ.

ದಂಡ ಕಟ್ಟದ್ದಕ್ಕೆ ಅಮಾನತು ನಿಂತರೂ, ನ್ಯಾಯಾಲಯಕ್ಕೆ ಹಾಜರಾಗದ್ದಕ್ಕೆ ಅಮಾನತು ಉಳಿದುಕೊಂಡಿತು. ಕೈಯಲ್ಲಿ ಕಾಸಿಲ್ಲದವನು ಹೋದರೆ ಏನು ಮಾಡಿಯಾರೋ ಎಂದು ಹೆದರಿ ಹಾಜರಾಗುವುದೇ ಇಲ್ಲ. ಹೀಗಾಗಿ ಮುಂಬಾಗಿಲಿನಿಂದ ಹೊರಗೆ ಕಳಿಸಿದ್ದು ಹಿತ್ತಿಲಿನಿಂದ ಒಳಗೆ ಬಂತು. ಈ ದಾರಿ ಮುಚ್ಚುವ ಕಾನೂನು 2022ರಲ್ಲಿ ಪಾಸಾಗಿ 2027ರ ಜನವರಿ 1ರಿಂದ ಜಾರಿ ಎಂದಾಯಿತು, ಅಂದರೆ ಮೊದಲ ತಿದ್ದುಪಡಿಯಾದ ಹತ್ತು ವರ್ಷಕ್ಕೆ. ಎರಡನೆಯದು, 2017ರ ಕಾನೂನು ಮುಂದಿನದನ್ನಷ್ಟೇ ನೋಡಿತು. ಆಗಲೇ ಅಮಾನತಾಗಿದ್ದ ಡಿಎಲ್‌ಗಳು ತಾವಾಗಿಯೇ ಜೀವ ಪಡೆಯಲಿಲ್ಲ. ಸುಧಾರಣೆಯ ಕರಡು ಬರೆಯುವವರು 'ಇಂದಿನಿಂದ' ಎಂದು ಬರೆದು ಸುಮ್ಮನಾದರೆ, ಅತಿ ಹೆಚ್ಚು ನೊಂದವರೇ ಹೊರಗುಳಿಯುತ್ತಾರೆ. ಮೂರನೆಯದು ಹಣದ ಪ್ರಶ್ನೆ. ನ್ಯಾಯಾಲಯವೋ ಪೊಲೀಸ್ ಇಲಾಖೆಯೋ ತನ್ನ ಖರ್ಚಿಗೆ ದಂಡದ ಮೇಲೆ ಅವಲಂಬಿತವಾಗಿದ್ದರೆ, ಆ ಕೊರತೆ ತುಂಬಿಕೊಡದೆ ದಂಡ ಇಳಿಸಲಾಗದು. ಸ್ಯಾನ್ ಫ್ರಾನ್ಸಿಸ್ಕೋ ನಗರ 2018ರಲ್ಲಿ ತನ್ನ ಕೈಯಲ್ಲಿದ್ದ ನ್ಯಾಯಾಡಳಿತ ಶುಲ್ಕಗಳನ್ನೆಲ್ಲ ರದ್ದು ಮಾಡಿ, ಸುಮಾರು 21,000 ಜನರ 3.27 ಕೋಟಿ ಡಾಲರ್ ಬಾಕಿ ಮನ್ನಾ ಮಾಡಿತು. ಕೇಳಲು ದೊಡ್ಡ ತ್ಯಾಗ. ಒಳಗಿನ ಲೆಕ್ಕ ಬೇರೆ: ಅದರಲ್ಲಿ ಬಹುಪಾಲು ಎಂದೂ ವಸೂಲಾಗುವ ಹಣವೇ ಆಗಿರಲಿಲ್ಲ. ಪುಸ್ತಕದಲ್ಲಿರುವ ಬಾಕಿಯನ್ನು ಆದಾಯ ಎಂದು ನಂಬುವುದು ಎಲ್ಲ ಸರ್ಕಾರಗಳ ಚಾಳಿ.

ಆದಾಯಕ್ಕೆ ತಕ್ಕ ದಂಡ ಎಂದಾಗಲೆಲ್ಲ ಫಿನ್ಲೆಂಡ್ ಹೆಸರು ಬರುತ್ತದೆ, ಚಿಕ್ಕದಾಗಿ ಹೇಳುತ್ತೇನೆ. ಅಲ್ಲಿ 1921ರಿಂದ ದಿನದಂಡ ಪದ್ಧತಿ ಇದೆ. ನಿವ್ವಳ ಮಾಸಿಕ ಆದಾಯದಲ್ಲಿ 255 ಯೂರೋ ಕಳೆದು 60ರಿಂದ ಭಾಗಿಸಿದರೆ ಒಂದು ದಿನದ ದಂಡ, ಅವಲಂಬಿತರೊಬ್ಬರಿಗೆ 3 ಯೂರೋ ಕಡಿತ. ತಿಂಗಳಿಗೆ 1,455 ಯೂರೋ ಗಳಿಸುವವನಿಗೆ ದಿನಕ್ಕೆ 20 ಯೂರೋ. 2023ರಲ್ಲಿ 50 ಕಿ.ಮೀ. ಮಿತಿಯ ರಸ್ತೆಯಲ್ಲಿ 82ರಲ್ಲಿ ಓಡಿಸಿದ ಉದ್ಯಮಿ ಆಂಡರ್ಸ್ ವಿಕ್ಲೋಫ್ 1,21,000 ಯೂರೋ ಕಟ್ಟಬೇಕಾಯಿತು. ಇದು ನಡೆಯುವುದು ಪೊಲೀಸರ ಕೈಗೆ ಆದಾಯ ತೆರಿಗೆಯ ದಾಖಲೆ ತಕ್ಷಣ ಸಿಗುವುದರಿಂದ. ದುಡಿಮೆಯ ಬಹುಪಾಲು ನಗದಿನಲ್ಲಿ ನಡೆಯುವ ನಮ್ಮಲ್ಲಿ ಅದನ್ನೇ ನಕಲು ಮಾಡಲಾಗದು. ಹಾಗಾಗಿ ಆ ಉದಾಹರಣೆಯ ಮೇಲೆ ಹೆಚ್ಚು ಹೊತ್ತು ಕಳೆಯಬೇಕಿಲ್ಲ.

ಈಗ ಬೆಂಗಳೂರು. 2023ರ ಫೆಬ್ರುವರಿಯಲ್ಲಿ ಮೊದಲ ಶೇ 50 ರಿಯಾಯಿತಿ ಬಂದಾಗ ಹತ್ತು ದಿನಕ್ಕೂ ಕಡಿಮೆ ಅವಧಿಯಲ್ಲಿ ಸುಮಾರು 41 ಲಕ್ಷ ಪ್ರಕರಣಗಳಿಂದ 120 ಕೋಟಿ ರೂಪಾಯಿ ಬಂತು. ಭಾಗಿಸಿ ನೋಡಿ, ಒಂದು ಪ್ರಕರಣಕ್ಕೆ ಸರಾಸರಿ 290 ರೂಪಾಯಿ. ಅದೇ ವರ್ಷ ಅದನ್ನು ಮತ್ತೆ ಕೊಟ್ಟರು. 2025ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಕೊಟ್ಟಾಗ 100 ಕೋಟಿಗೂ ಹೆಚ್ಚು ಬಂತು, ವರ್ಷದ ಕೊನೆಗೆ ಇನ್ನೊಮ್ಮೆ ಕೊಟ್ಟರು. ವಸೂಲಿ ದೃಷ್ಟಿಯಿಂದ ಯಶಸ್ಸು ಎನ್ನಬಹುದು. ನ್ಯಾಯದ ದೃಷ್ಟಿಯಿಂದ ನನಗೆ ಇದರಲ್ಲಿ ಎರಡು ತಕರಾರು. ನಿಮ್ಮ ತಂದೆಗೂ, ಐವತ್ತು ಲಕ್ಷದ ಕಾರಿನವನಿಗೂ ಒಂದೇ ರಿಯಾಯಿತಿ. ಅದರ ಲಾಭ ಸಿಕ್ಕಿದ್ದು ಆ ಕೆಲವೇ ದಿನಗಳಲ್ಲಿ ಕೈಯಲ್ಲಿ ಇಡುಗಂಟು ಇದ್ದವರಿಗೆ. ಮತ್ತೆ ಮತ್ತೆ ಕೊಟ್ಟರೆ ಕಾಯುವುದೇ ಜಾಣತನ ಎಂದು ಜನ ಕಲಿಯುತ್ತಾರೆ, ಗಡುವಿನೊಳಗೆ ಪೂರ್ತಿ ಕಟ್ಟಿದವನು ಪೆದ್ದನಾಗುತ್ತಾನೆ. ಬಡವನಿಗೆ ಬೇಕಿರುವುದು ಕಂತು ಮತ್ತು ಆದಾಯ ನೋಡಿ ಕಡಿತ. ಅವು ವರ್ಷವಿಡೀ ಇರಬೇಕು, ಹಬ್ಬದ ಸೇಲ್‌ನಂತೆ ಬಂದು ಹೋಗುವುದಲ್ಲ.

ಇದಕ್ಕೆ ಸಂಸತ್ತಿನಲ್ಲಿ ಹೊಸ ಕಾನೂನು ಬರಬೇಕೇ? ಎಲ್ಲದಕ್ಕೂ ಬೇಡ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 200ರ ಪ್ರಕಾರ, ನ್ಯಾಯಾಲಯಕ್ಕೆ ಹೋಗದೆ ಕಟ್ಟುವ ರಾಜಿ ದಂಡದ ಮೊತ್ತವನ್ನು ಅಧಿಸೂಚನೆ ಮೂಲಕ ನಿಗದಿ ಮಾಡುವುದು ರಾಜ್ಯ ಸರ್ಕಾರ. 2019ರಲ್ಲಿ ಕೇಂದ್ರ ದಂಡ ಏರಿಸಿದ ತಿಂಗಳಲ್ಲೇ ಕರ್ನಾಟಕ ಹಲವು ಮೊತ್ತಗಳನ್ನು ಇಳಿಸಿದ್ದು ಇದೇ ಅಧಿಕಾರದಿಂದ. ಹೆಲ್ಮೆಟ್ ಇಲ್ಲದ್ದಕ್ಕೆ ಕಾಯ್ದೆಯಲ್ಲಿ 1,000 ರೂಪಾಯಿ ಇದ್ದರೂ ಇಲ್ಲಿ 500 ಕಟ್ಟುತ್ತಿರುವುದು ಹಾಗಾಗಿಯೇ. ನನ್ನ ಅಭಿಪ್ರಾಯದಲ್ಲಿ ಇದೇ ಸೆಕ್ಷನ್ ಅಡಿ ಬಿಪಿಎಲ್ ಕಾರ್ಡ್ ಅಥವಾ ಇ-ಶ್ರಮ್ (ಅಸಂಘಟಿತ ಕಾರ್ಮಿಕರ) ನೋಂದಣಿ ಇರುವವರಿಗೆ ಕಡಿಮೆ ದರ ಇಡಲು ಅಡ್ಡಿಯಿಲ್ಲ. ಆದಾಯ ಪ್ರಮಾಣಪತ್ರ ಕೇಳುವುದಕ್ಕಿಂತ ಇದು ಸುಲಭ, ಏಕೆಂದರೆ ಆ ದಾಖಲೆ ಆಗಲೇ ಸರ್ಕಾರದ ಬಳಿ ಇರುತ್ತದೆ. ಹಣದ ಜೊತೆಗೆ ಸಮುದಾಯ ಸೇವೆಯನ್ನೂ ಸೇರಿಸಬಹುದು ಎಂಬ ಮಾತು 2019ರ ತಿದ್ದುಪಡಿಯಲ್ಲಿದೆ. 'ಜೊತೆಗೆ' ಎಂಬಲ್ಲಿ 'ಬದಲಿಗೆ' ಆಗಬೇಕಾದರೆ ಮಾತ್ರ ಕೇಂದ್ರ ಕೈ ಹಾಕಬೇಕು.

ಡಿಎಲ್ ವಿಷಯದಲ್ಲಿ ನಮ್ಮ ಕಾನೂನಿನ ಕಷ್ಟ ಬೇರೆ ಕಡೆ ಇದೆ. ಇಲ್ಲಿ ಅಮಾನತು ಮುಖ್ಯವಾಗಿ ಅಪರಾಧಕ್ಕೆ. ಸೆಕ್ಷನ್ 206(4)ರಂತೆ ಅತಿವೇಗ, ಅಪಾಯಕಾರಿ ಚಾಲನೆ (ಸಿಗ್ನಲ್ ಜಂಪ್, ಕೈಯಲ್ಲಿ ಮೊಬೈಲ್ ಇದರಲ್ಲೇ ಬರುತ್ತವೆ), ಕುಡಿದು ಚಾಲನೆ, ಹೆಲ್ಮೆಟ್ ಇಲ್ಲದ್ದು, ತ್ರಿಬಲ್ ರೈಡಿಂಗ್ ಮುಂತಾದವಕ್ಕೆ ಪೊಲೀಸರು ಡಿಎಲ್ ವಶಪಡಿಸಿಕೊಂಡು ಆರ್‌ಟಿಒಗೆ ಕಳಿಸಬಹುದು. ಆಗ ಕೊಡುವ ಸ್ವೀಕೃತಿ ಚೀಟಿ ಹಿಡಿದು ಗಾಡಿ ಓಡಿಸಬಹುದು ಎಂದು ಬಹಳ ಚಾಲಕರು ತಿಳಿದಿದ್ದಾರೆ. ಕಾಯ್ದೆ ಹೇಳುವುದು ಉಲ್ಟಾ: ಡಿಎಲ್ ವಾಪಸ್ ಬರುವವರೆಗೆ ಆ ಚೀಟಿ ಓಡಿಸಲು ಪರವಾನಗಿ ಅಲ್ಲ. ಅಂದರೆ ವಿಚಾರಣೆಗೆ ಮುಂಚೆಯೇ ದುಡಿಮೆ ನಿಂತಿತು. ದಿನಗೂಲಿಯಂತೆ ಬದುಕುವವನಿಗೆ ಆ ಕಾಯುವ ದಿನಗಳೇ 500 ರೂಪಾಯಿಗಿಂತ ಎಷ್ಟೋ ಪಟ್ಟು ದೊಡ್ಡ ದಂಡ. ಆರ್‌ಟಿಒ ಅಹವಾಲು ಕೇಳಲೇಬೇಕು, ಕೈಬಿಡಬಹುದು, ಇಲ್ಲವೇ ಕಾರಣ ಬರೆದು ಮೊದಲ ಬಾರಿಗೆ ಮೂರು ತಿಂಗಳು ಅನರ್ಹಗೊಳಿಸಬಹುದು. ಎರಡನೇ ಬಾರಿಯಾದರೆ ಡಿಎಲ್ಲೇ ರದ್ದು. ಸುಧಾರಣೆ ಬೇಕಿರುವುದು ಇಲ್ಲಿ: ಆದೇಶ ಬರುವವರೆಗೆ ಓಡಿಸಲು ಬಿಡಬೇಕು, ಅಹವಾಲು ಕೇಳಲು ದಿನದ ಮಿತಿ ಇರಬೇಕು. ಕುಡಿದು ಓಡಿಸಿದವನಿಗೆ ಈ ಸಡಿಲಿಕೆ ಬೇಡ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ನಿಮ್ಮ ತಂದೆಯ ವಿಷಯಕ್ಕೆ ಬರೋಣ. 23 ಚಲನ್ ಎಂದರೆ 11,500 ರೂಪಾಯಿಯ ಒಂದು ಬಾಕಿ ಅಲ್ಲ, 23 ಬೇರೆ ಬೇರೆ ಪ್ರಕರಣ. ಒಂದೊಂದನ್ನೂ ಪ್ರತ್ಯೇಕವಾಗಿ ಕಟ್ಟಬಹುದು, ಕಂತಿನ ಯೋಜನೆ ಇಲ್ಲದಿದ್ದರೂ ತಿಂಗಳಿಗೆ ಮೂರರಂತೆ ತೀರಿಸುವುದಕ್ಕೆ ಯಾರ ಅನುಮತಿಯೂ ಬೇಡ. ಕಟ್ಟುವ ಮುಂಚೆ ಪಟ್ಟಿಯನ್ನು ತೆಗೆದು ಪ್ರತಿಯೊಂದರ ಫೋಟೋ ನೋಡಿ. ಕ್ಯಾಮೆರಾ 3ನ್ನು 8 ಎಂದು ಓದಿರುವುದು, ಬೇರೆ ಬಣ್ಣದ ಗಾಡಿ ಕಾಣುವುದು, ಒಂದೇ ಸಿಗ್ನಲ್‌ನಲ್ಲಿ ನಿಮಿಷದ ಅಂತರದಲ್ಲಿ ಎರಡು ಚಲನ್ ಬಿದ್ದಿರುವುದು, ಇವು ಸಾಮಾನ್ಯ ತಪ್ಪುಗಳು. ಹಾಗಿದ್ದರೆ ಕಟ್ಟಬೇಡಿ, ಆರ್‌ಸಿ ಪ್ರತಿ ಮತ್ತು ಗಾಡಿಯ ಫೋಟೋ ಇಟ್ಟು ಸಂಚಾರ ಪೊಲೀಸರಿಗೆ ಲಿಖಿತವಾಗಿ ಆಕ್ಷೇಪಿಸಿ, ಸ್ವೀಕೃತಿ ಪಡೆಯಿರಿ. ಒಮ್ಮೆ ಕಟ್ಟಿದರೆ ತಪ್ಪೊಪ್ಪಿಕೊಂಡಂತೆ. ರಾಜಿ ದಂಡ ಕಟ್ಟಿದ ಅಪರಾಧವೂ ಮುಂದೆ ಎರಡನೇ ಬಾರಿ ಎಂದು ಎಣಿಸುವಾಗ ಮೊದಲನೆಯದಾಗಿ ಲೆಕ್ಕಕ್ಕೆ ಬರುತ್ತದೆ, ಡಿಎಲ್ ಪ್ರಕ್ರಿಯೆಯೂ ಅದರಿಂದ ತಪ್ಪುವುದಿಲ್ಲ ಎಂದು ಸೆಕ್ಷನ್ 200 ಸ್ಪಷ್ಟವಾಗಿ ಹೇಳುತ್ತದೆ. ಅರ್ಧ ರಿಯಾಯಿತಿಯ ಜಾಹೀರಾತಿನಲ್ಲಿ ಈ ಮಾತು ಕಾಣುವುದಿಲ್ಲ.

ಮೊದಲು ಯಾವುದನ್ನು ಕಟ್ಟಬೇಕು? ನ್ಯಾಯಾಲಯಕ್ಕೆ ಹೋಗಿ ಸಮನ್ಸ್ ಬಂದಿರುವುದು ಇದ್ದರೆ ಅದು ಮೊದಲು, ಏಕೆಂದರೆ ಹಾಜರಾಗದಿದ್ದರೆ ವಾರಂಟ್ ಆಗಬಹುದು. ತೀರಾ ಹಳೆಯವನ್ನು ಕೊನೆಗೆ ಇಡಿ. ದಂಡ ಮಾತ್ರ ಶಿಕ್ಷೆಯಾಗಿರುವ ಅಪರಾಧಗಳಿಗೆ ನ್ಯಾಯಾಲಯ ಆರು ತಿಂಗಳೊಳಗೆ, ಒಂದು ವರ್ಷದವರೆಗೆ ಸೆರೆವಾಸ ಇರುವವಕ್ಕೆ ಒಂದು ವರ್ಷದೊಳಗೆ ಪ್ರಕರಣವನ್ನು ಕೈಗೆತ್ತಿಕೊಳ್ಳಬೇಕು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಿಂದಿನ ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) ಸೆಕ್ಷನ್ 514 ಹೇಳುತ್ತದೆ. ಇದರಿಂದ ಆ್ಯಪ್‌ನಲ್ಲಿರುವ ಚಲನ್ ತಾನಾಗಿ ಅಳಿಸಿಹೋಗುವುದಿಲ್ಲ, ವಿಳಂಬವನ್ನು ಮನ್ನಿಸುವ ಅಧಿಕಾರವೂ ನ್ಯಾಯಾಲಯಕ್ಕೆ ಇದೆ. ವಕೀಲರ ಮೂಲಕ ಎತ್ತಬೇಕಾದ ಆಕ್ಷೇಪ ಅದು.

ರಾಜಿ ದಂಡಕ್ಕಿಂತ ಕೋರ್ಟಿನಲ್ಲಿ ಕಡಿಮೆಯಾಗುತ್ತದೆ ಎಂಬ ಮಾತು ಅರ್ಧ ಸರಿ. ಸೆಕ್ಷನ್ 177ರಂಥ ಸಾಮಾನ್ಯ ಉಲ್ಲಂಘನೆಗೆ ಮೊದಲ ಬಾರಿ '500ರವರೆಗೆ' ಎಂದಿರುವುದರಿಂದ ನ್ಯಾಯಾಧೀಶರು ಕಡಿಮೆ ಹಾಕಬಹುದು. ಹೆಲ್ಮೆಟ್‌ನಂಥದ್ದಕ್ಕೆ ಕಾಯ್ದೆಯಲ್ಲಿ 1,000 ರೂಪಾಯಿ ಮತ್ತು ಮೂರು ತಿಂಗಳ ಅನರ್ಹತೆ ಎಂದೇ ಇರುವುದರಿಂದ ಕೋರ್ಟಿಗೆ ಹೋದರೆ ನಷ್ಟವೇ ಹೆಚ್ಚು. ಕೋರ್ಟಿನಲ್ಲಿ ದಂಡ ಬಿದ್ದು ಕೈಯಲ್ಲಿ ಹಣ ಇಲ್ಲದಿದ್ದರೆ, ತಪ್ಪದೆ ಕೇಳಬೇಕಾದದ್ದು ಅದೇ ಸಂಹಿತೆಯ ಸೆಕ್ಷನ್ 464: ದಂಡ ಕಟ್ಟಲು 30 ದಿನದವರೆಗೆ ಸಮಯ, ಅಥವಾ 30 ದಿನಕ್ಕಿಂತ ಹೆಚ್ಚು ಅಂತರವಿಲ್ಲದ ಎರಡು ಇಲ್ಲವೇ ಮೂರು ಕಂತು. ಬಾಂಡ್ ಬರೆದುಕೊಡಬೇಕು. ಇದು ಕೇಳಿದರೆ ಸಿಗುವ ಸವಲತ್ತು, ಕೇಳದವನಿಗೆ ಯಾರೂ ನೆನಪಿಸುವುದಿಲ್ಲ.

ಡಿಎಲ್ ಬಗ್ಗೆ ಆರ್‌ಟಿಒ ನೋಟಿಸ್ ಬಂದರೆ ಆ ದಿನ ತಪ್ಪದೆ ಹೋಗಿ, ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಒಂದು ಪುಟದ ಉತ್ತರದಲ್ಲಿ ಎಷ್ಟು ವರ್ಷದಿಂದ ಓಡಿಸುತ್ತಿದ್ದಾರೆ, ಅಪಘಾತ ಇದೆಯೇ ಇಲ್ಲವೇ, ಮನೆಗೆ ಬೇರೆ ಆದಾಯ ಇಲ್ಲ, ಆಟೋ ಸಾಲದ ಕಂತು ಎಷ್ಟು ಎಂಬುದನ್ನು ಬರೆದು ಸಾಲದ ಪಾಸ್‌ಬುಕ್, ರೇಷನ್ ಕಾರ್ಡ್ ಪ್ರತಿ ಲಗತ್ತಿಸಿ. ಅನರ್ಹತೆಯ ಆದೇಶ ಬಂದರೆ ಮೇಲ್ಮನವಿಗೆ 30 ದಿನ ಇದೆ. ಆ ಅವಧಿಯಲ್ಲಿ ಕದ್ದು ಓಡಿಸುವುದು ಬೇಡ: ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅಪಘಾತವಾದರೆ ವಿಮಾ ಕಂಪನಿ ಪರಿಹಾರದ ಹಣವನ್ನು ನಿಮ್ಮಿಂದಲೇ ವಸೂಲಿ ಮಾಡಲು ಬರುತ್ತದೆ.

ವಕೀಲರ ಖರ್ಚಿಗೆ ಹೆದರಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ಪರಿಶಿಷ್ಟ ಜಾತಿ, ಪಂಗಡದವರು, ಮಹಿಳೆಯರು, ಅಂಗವಿಕಲರಿಗೆ ಆದಾಯದ ಮಿತಿಯೇ ಇಲ್ಲ, ಉಳಿದವರಿಗೆ ಮಿತಿ ಇದೆ. ಲೋಕ ಅದಾಲತ್‌ಗೆ ಪ್ರಕರಣ ಹಾಕಿಸುವುದನ್ನೂ ಅವರಿಂದಲೇ ಕೇಳಿ. ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ, ಆದ್ದರಿಂದ ತಪ್ಪು ಚಲನ್‌ಗಳನ್ನು ಅದಕ್ಕೂ ಮುಂಚೆಯೇ ಪಟ್ಟಿಯಿಂದ ತೆಗೆಸಿರಬೇಕು.

ಎಫ್‌ಸಿ ದಿನಾಂಕ ಯಾವಾಗ ಎಂದು ಇವತ್ತೇ ಆರ್‌ಸಿಯಲ್ಲಿ ನೋಡಿ. ಆರ್‌ಟಿಒ ಬಳಸುವ 'ವಾಹನ್' ಎಂಬ ನೋಂದಣಿ ತಂತ್ರಾಂಶದಲ್ಲಿ ಬಾಕಿ ಚಲನ್ ಎಂಬ ಗುರುತು ಬಿದ್ದಿದ್ದರೆ ಅರ್ಜಿ ಅಲ್ಲೇ ನಿಲ್ಲಬಹುದು. ಕಟ್ಟಿದ ತಕ್ಷಣ ಗುರುತು ಹೋಗುತ್ತದೆ ಎಂದು ನಂಬಿ ಕೊನೆಯ ದಿನ ಕಟ್ಟುವವರು ಸಿಕ್ಕಿಹಾಕಿಕೊಳ್ಳುತ್ತಾರೆ. ಒಂದು ತಿಂಗಳ ಅಂತರ ಇಟ್ಟುಕೊಂಡು ಕಟ್ಟಿ, ಪ್ರತಿ ರಸೀದಿಯನ್ನೂ ಚಲನ್ ನಂಬರ್ ಸಮೇತ ಇಟ್ಟುಕೊಳ್ಳಿ. ವಾರದ ನಂತರವೂ ಬಾಕಿ ಎಂದೇ ತೋರಿಸಿದರೆ ರಸೀದಿಗಳೊಂದಿಗೆ ಸಂಚಾರ ಠಾಣೆಗೆ ಹೋಗಿ ದಾಖಲೆ ಸರಿಪಡಿಸಿಕೊಂಡು, ಆಮೇಲೆ ಎಫ್‌ಸಿಗೆ ಅರ್ಜಿ ಹಾಕಿ.